ಎಕ್ಸಾಸ್ಟ್ ಅಡ್ಡದಾರಿ: ಮುಚ್ಚಬೇಕೋ, ತುಂಬಬೇಕೋ?

ಅಮೆರಿಕದ ಹಳೆಯ ವಿ-8 ಎಂಜಿನ್‌ಗಳನ್ನು ರೇಸಿಗೆ ಅಣಿಮಾಡುವವರ ನಡುವೆ ದಶಕಗಳಿಂದ ಬಗೆಹರಿಯದೆ ಉಳಿದ ತಕರಾರೊಂದಿದೆ. ಈ ಎಂಜಿನ್‌ಗಳ ಸಿಲಿಂಡರ್ ಹೆಡ್ಡಿನೊಳಗೆ ಕಾರ್ಖಾನೆಯವರೇ ಬಿಟ್ಟ ಒಂದು ಸುರಂಗವಿರುತ್ತದೆ. ಒಂದು ಬದಿಯ ಸಿಲಿಂಡರುಗಳ ಬಿಸಿ ಹೊಗೆ ಇದರ ಮೂಲಕ ಕಾರ್ಬುರೇಟರಿನ ಅಡಿಗೆ ಬಂದು, ಅಲ್ಲಿಂದ ಇನ್ನೊಂದು ಬದಿಗೆ ದಾಟುತ್ತದೆ. ಇದೇ ಎಕ್ಸಾಸ್ಟ್ ಕ್ರಾಸ್‌ಓವರ್, ನಮ್ಮ ಮಾತಿನಲ್ಲಿ ಹೊಗೆಯ ಅಡ್ಡದಾರಿ. ರೇಸ್ ಎಂಜಿನ್ನಿಗೆ ಇದು ಬೇಡವೆಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿಲ್ಲ. ಜಗಳವಿರುವುದು ಅದನ್ನು ಇಲ್ಲವಾಗಿಸುವ ಬಗೆಯಲ್ಲಿ. ಬಾಯಿಗೊಂದು ತಗಡು ಹಾಕಿದರೆ ಸಾಕೆಂದು ಒಂದು ಪಂಗಡ ಹೇಳುತ್ತದೆ. ಹೆಡ್ಡನ್ನು ಕಾಯಿಸಿ, ಕರಗಿದ ಅಲ್ಯೂಮಿನಿಯಂ ಹೊಯ್ದು ಸುರಂಗವನ್ನು ಇಡಿಯಾಗಿ ತುಂಬಿಬಿಡಬೇಕೆಂದು ಇನ್ನೊಂದು ಪಂಗಡ ಹಟ ಹಿಡಿಯುತ್ತದೆ.

ಎರಡು ಪಂಗಡಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆಂದು ತಿಳಿದಿರುವುದೇ ಈ ತಕರಾರಿನ ಮೂಲ. ಇಲ್ಲಿರುವುದು ಎರಡು ಪ್ರಶ್ನೆಗಳು. ಒಳಗೆ ಬರುವ ಗಾಳಿ ಕಾಯುವುದನ್ನು ತಪ್ಪಿಸುವುದು ಒಂದು. ಹೊರಗೆ ಹೋಗುವ ಹೊಗೆಯ ದಾರಿಯನ್ನು ಸರಿಪಡಿಸುವುದು ಇನ್ನೊಂದು. ಮೊದಲನೆಯದಕ್ಕೆ ತಗಡು ಸಾಕು. ಎರಡನೆಯದಕ್ಕೆ ತುಂಬುವುದೇ ಮದ್ದು. ಯಾವ ಎಂಜಿನ್ನಿಗೆ ಯಾವುದು ಬೇಕೆಂದು ಕಾಣಲು ಈ ದಾರಿ ಹುಟ್ಟಿದ ಕಾರಣ, ಅದು ಮಾಡುವ ಕೇಡು, ಮುಚ್ಚುವ ಮತ್ತು ತುಂಬುವ ಬಗೆಗಳು, ಅವುಗಳಿಗೆ ತೆರಬೇಕಾದ ಬೆಲೆ ಇವಿಷ್ಟನ್ನೂ ಒಂದರ ಪಕ್ಕ ಒಂದಿಟ್ಟು ನೋಡಬೇಕು.

ಬಿಸಿ ಯಾಕೆ ಬೇಕಾಯಿತು

ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಉರಿಯುತ್ತದೆ. ಒಂದು ಕಿಲೋ ಪೆಟ್ರೋಲು ಆವಿಯಾಗಲು ಸುಮಾರು 350 ಕಿಲೋಜೂಲ್ ಶಾಖ ಬೇಕು. ಈ ಶಾಖ ಹೊರಗಿನಿಂದ ಸಿಗದಿದ್ದರೆ ಪೆಟ್ರೋಲು ಅದನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಒಂದು ಪಾಲು ಪೆಟ್ರೋಲಿಗೆ ಹದಿಮೂರು ಪಾಲು ಗಾಳಿಯ ಮಿಶ್ರಣ ಪೂರ್ತಿ ಆವಿಯಾದರೆ ಗಾಳಿಯ ಉಷ್ಣಾಂಶ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೊರಗೆ 10-15 ಡಿಗ್ರಿ ಇದ್ದು ತೇವಾಂಶ ಹೆಚ್ಚಿರುವ ದಿನ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುವುದು ಇದೇ ಕಾರಣಕ್ಕೆ. ಗಡ್ಡೆ ಕಟ್ಟದಿದ್ದರೂ ತಣ್ಣಗಿನ ಮ್ಯಾನಿಫೋಲ್ಡಿನ ಗೋಡೆಗೆ ಪೆಟ್ರೋಲು ಹನಿಯಾಗಿ ಅಂಟಿಕೊಳ್ಳುತ್ತದೆ. ಆಗ ಒಂದು ಸಿಲಿಂಡರಿಗೆ ಬರಿ ಗಾಳಿ ಹೋದರೆ ಇನ್ನೊಂದಕ್ಕೆ ಬರಿ ಪೆಟ್ರೋಲು ಸುರಿಯುತ್ತದೆ. ಎಂಜಿನ್ ಕೆಮ್ಮುತ್ತದೆ, ನಿಂತುಹೋಗುತ್ತದೆ.

ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದಲ್ಲಿ ಕಾರುಗಳು ಹೆಚ್ಚಿದಂತೆ ಬೇಗ ಆವಿಯಾಗುವ ಹಗುರ ಪೆಟ್ರೋಲು ಸಾಲದಾಗಿ, ಭಾರದ ಪೆಟ್ರೋಲು ಪೇಟೆಗೆ ಬಂತು. ಎಂಜಿನ್ ತಯಾರಕರು ಹೊಗೆಯ ಬಿಸಿಯನ್ನೇ ಬಳಸಿಕೊಂಡು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒಂದು ಬಿಸಿ ಜಾಗ ಮಾಡಿದರು. ಕಾದ ಕಾವಲಿಗೆ ಬಿದ್ದ ನೀರಿನ ಹನಿಯ ಹಾಗೆ ಪೆಟ್ರೋಲಿನ ಹನಿ ಅಲ್ಲಿ ತಟ್ಟನೆ ಆವಿಯಾಗುತ್ತದೆ. ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನಿನಲ್ಲಿ ಇದು ಸುಲಭ. ನಮ್ಮ ಅಂಬಾಸಡರ್ ಕಾರಿನ ಹಳೆಯ ಬಿಎಂಸಿ ಎಂಜಿನ್ನಿನಲ್ಲಿ ಒಳಗೆ ಎಳೆಯುವ ಮ್ಯಾನಿಫೋಲ್ಡೂ ಹೊರಗೆ ದಬ್ಬುವ ಮ್ಯಾನಿಫೋಲ್ಡೂ ಹೆಡ್ಡಿನ ಒಂದೇ ಬದಿಯಲ್ಲಿದ್ದವು. ಒಂದರ ಬಿಸಿ ಇನ್ನೊಂದಕ್ಕೆ ತಾನಾಗಿ ತಾಗುತ್ತಿತ್ತು.

ವಿ ಆಕಾರದ ಎಂಜಿನ್ನಿನಲ್ಲಿ ಹಾಗಿಲ್ಲ. ಕಾರ್ಬುರೇಟರ್ ನಡುವಿನ ಕಣಿವೆಯ ಮೇಲಿದ್ದರೆ ಹೊಗೆ ಕೊಳವೆಗಳು ಎರಡು ಹೊರಬದಿಗಳಲ್ಲಿವೆ. ಬಿಸಿಯನ್ನು ಒಳಗೆ ತರಲು ಹೆಡ್ಡಿನ ಮೂಲಕವೇ ದಾರಿ ಕೊರೆಯಬೇಕು. 1949ರಲ್ಲಿ ಓಲ್ಡ್ಸ್‌ಮೊಬೀಲ್ ಮತ್ತು ಕ್ಯಾಡಿಲಾಕ್‌ನಿಂದ ಓವರ್‌ಹೆಡ್ ವಾಲ್ವ್ ವಿ-8ಗಳು ಬಂದವು. 1955ರಲ್ಲಿ ಷೆವ್ರೊಲೆ ಮತ್ತು ಪಾಂಟಿಯಾಕ್ ಹಿಂಬಾಲಿಸಿದವು. ಇವುಗಳ ಬೀಡು ಕಬ್ಬಿಣದ ಹೆಡ್ಡಿನಲ್ಲಿ ನಡುವಿನ ಎಕ್ಸಾಸ್ಟ್ ಪೋರ್ಟುಗಳಿಂದ ಕವಲೊಡೆದ ಒಂದು ಸುರಂಗ, ಇನ್‌ಟೇಕ್ ಪೋರ್ಟುಗಳ ನಡುವೆ ನುಸುಳಿ ಕಣಿವೆಯ ಕಡೆ ಬಾಯಿ ತೆರೆಯುತ್ತದೆ. ಮ್ಯಾನಿಫೋಲ್ಡಿನ ತಳದಲ್ಲಿರುವ ಕಾಲುವೆ ಎರಡೂ ಹೆಡ್ಡುಗಳ ಬಾಯಿಗಳನ್ನು ಜೋಡಿಸುತ್ತದೆ. ಒಂದು ಬದಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತುದಿಗೆ ಎರಡು ಲೋಹಗಳ ಸುರುಳಿಯಿಂದ ತಿರುಗುವ ಒಂದು ಕದವಿರುತ್ತದೆ. ಎಂಜಿನ್ ತಣ್ಣಗಿರುವಾಗ ಈ ಕದ ಮುಚ್ಚಿಕೊಂಡು ಆ ಬದಿಯ ಹೊಗೆಯನ್ನು ಅಡ್ಡದಾರಿಗೆ ತಿರುಗಿಸುತ್ತದೆ, ಬಿಸಿಯಾದ ಮೇಲೆ ತೆರೆದುಕೊಳ್ಳುತ್ತದೆ. ಅಮೆರಿಕದ ಉತ್ತರ ರಾಜ್ಯಗಳ ಚಳಿಗಾಲದಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟವನಿಗೆ ಇದು ದೊಡ್ಡ ಉಪಕಾರ.

ಮೊದಲನೆಯ ದೂರು: ಕಾದ ಗಾಳಿ

ರೇಸಿನವನಿಗೆ ಆ ಚಳಿಯೂ ಇಲ್ಲ, ಕೆಲಸಕ್ಕೆ ಹೊರಡುವ ಅವಸರವೂ ಇಲ್ಲ. ಅವನಿಗೆ ಬೇಕಾದದ್ದು ಸಿಲಿಂಡರಿನೊಳಗೆ ಆದಷ್ಟು ಹೆಚ್ಚು ಗಾಳಿ. ಸಾಮಾನ್ಯ ಹವೆಯಲ್ಲಿ ಗಾಳಿ 3 ಡಿಗ್ರಿ ಕಾದರೆ ಅದರ ಸಾಂದ್ರತೆ ಸರಿಸುಮಾರು ಶೇ. 1ರಷ್ಟು ಇಳಿಯುತ್ತದೆ. ಕಾರ್ಬುರೇಟರಿನ ಅಡಿಯಲ್ಲಿ ಗಾಳಿ 10 ಡಿಗ್ರಿ ಕಾದರೆ ಶೇ. 3ರಷ್ಟು ಗಾಳಿ ಹೋಯಿತು; ಶಕ್ತಿಯೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಹೋಯಿತು. 500 ಕುದುರೆಶಕ್ತಿಯ ಎಂಜಿನ್ನಿನಲ್ಲಿ ಅದು ಹದಿನೈದು ಕುದುರೆಶಕ್ತಿ.

ಅಡ್ಡದಾರಿ ನಿಜಕ್ಕೂ ಅಷ್ಟು ಬಿಸಿ ಕೊಡಬಲ್ಲುದೇ ಎಂದು ಲೆಕ್ಕ ಹಾಕಬಹುದು. 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 285 ಲೀಟರ್ ಗಾಳಿ ಎಳೆಯುತ್ತದೆ. ಅದರ ತೂಕ ಸುಮಾರು 0.33 ಕಿಲೋ. ಇಷ್ಟು ಗಾಳಿಯನ್ನು 10 ಡಿಗ್ರಿ ಕಾಯಿಸಲು ಮೂರು ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖ ಬೇಕು. ಪೂರ್ತಿ ಭಾರದಲ್ಲಿ ದುಡಿಯುವ ಎಂಜಿನ್ನಿನ ಹೊಗೆಯಲ್ಲಿರುವ ಶಾಖದ ಮುಂದೆ ಇದು ಏನೂ ಅಲ್ಲ. ಆದರೆ ಅದೇ ಎಂಜಿನ್ ಐಡ್ಲಿಂಗಿನಲ್ಲಿ ಎಳೆಯುವ ಗಾಳಿ ಇದರ ಸುಮಾರು ಮೂವತ್ತರಲ್ಲಿ ಒಂದು ಪಾಲು. ಹಾಗಾಗಿ ಅಡ್ಡದಾರಿಯ ಬಿಸಿ ಅತಿ ಜೋರಾಗಿ ತಟ್ಟುವುದು ಎಂಜಿನ್ ನಿಧಾನ ಓಡುವಾಗ ಮತ್ತು ಓಡಿ ನಿಂತಾಗ. ಡ್ರ್ಯಾಗ್ ರೇಸಿನವರು ಒಂದು ಓಟ ಮುಗಿಸಿ ಮುಂದಿನ ಸರದಿಗೆ ಕಾಯುವಾಗ ಮ್ಯಾನಿಫೋಲ್ಡಿನ ಮೇಲೆ ಐಸಿನ ಚೀಲ ಹೇರುವುದು ಇದೇ ಕಾರಣಕ್ಕೆ. ಮೇಲಿನಿಂದ ಐಸ್, ಅಡಿಯಿಂದ ಹೊಗೆಯ ಬಿಸಿ ಎಂದಾದರೆ ಐಸಿನ ದುಡ್ಡು ದಂಡ.

ಇದರ ಜೊತೆಗೆ ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು ಕುದಿಯುವ ತೊಂದರೆಯಿದೆ. ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲಿನಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಕಾದ ಮಿಶ್ರಣ ಬೇಗ ನಾಕ್ ಆಗುವುದರಿಂದ, ಅಂದರೆ ತಾನಾಗಿ ಸಿಡಿಯುವುದರಿಂದ, ಸ್ಪಾರ್ಕನ್ನು ಹಿಂದೆ ಸರಿಸಬೇಕಾಗುತ್ತದೆ. ಅಲ್ಲಿ ಇನ್ನಷ್ಟು ಶಕ್ತಿ ಹೋಗುತ್ತದೆ. ಸುರಂಗ ಹಾಯುವುದು ನಡುವಿನ ಪೋರ್ಟುಗಳ ಪಕ್ಕದಲ್ಲಾದ್ದರಿಂದ ಒಳಗಿನ ನಾಲ್ಕು ಸಿಲಿಂಡರುಗಳ ಗಾಳಿ ಕೊನೆಯ ನಾಲ್ಕಕ್ಕಿಂತ ಹೆಚ್ಚು ಕಾಯುತ್ತದೆ. ಎಂಟೂ ಸಿಲಿಂಡರುಗಳಿಗೆ ಒಂದೇ ಹದದ ಟ್ಯೂನಿಂಗ್ ಕೊಡಲು ಹೆಣಗುವವನಿಗೆ ಇದು ದೊಡ್ಡ ಕಿರಿಕಿರಿ. ಮ್ಯಾನಿಫೋಲ್ಡಿನ ತಳಕ್ಕೆ ಕೆಳಗಿನಿಂದ ಎರಚುವ ಎಂಜಿನ್ ಆಯಿಲ್ ಕೂಡ ಸೀದು ಕರಿಕಟ್ಟುತ್ತದೆ. ಕಾರ್ಖಾನೆಯವರು ಎಷ್ಟೋ ಮ್ಯಾನಿಫೋಲ್ಡುಗಳ ತಳಕ್ಕೆ ಒಂದು ತಗಡಿನ ತಡೆ ಬಡಿದಿರುವುದು ಅದಕ್ಕಾಗಿಯೇ.

ಎರಡನೆಯ ದೂರು: ಹೊಗೆಗೆ ಹೊಗೆಯೇ ಅಡ್ಡ

ಗಾಳಿ ಕಾಯುವುದು ಎಲ್ಲರಿಗೂ ಕಾಣುವ ದೂರು. ಎರಡನೆಯದು ಸೂಕ್ಷ್ಮ; ಅದನ್ನು ಕಾಣಲು ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, ನೋಡಬೇಕು. ಷೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಕ್ರೈಸ್ಲರ್ ಇವುಗಳ ಬಹುಪಾಲು ವಿ-8ಗಳಲ್ಲಿ ಅದು 1-8-4-3-6-5-7-2. ಎಡಬದಿಯಲ್ಲಿ ಬೆಸ ಸಂಖ್ಯೆಯ, ಬಲಬದಿಯಲ್ಲಿ ಸಮ ಸಂಖ್ಯೆಯ ಸಿಲಿಂಡರುಗಳು. ನಡುವಿನ ಜೋಡಿ ಎಡಕ್ಕೆ 3 ಮತ್ತು 5, ಬಲಕ್ಕೆ 4 ಮತ್ತು 6. ಅಡ್ಡದಾರಿ ಜೋಡಿಸುವುದು ಈ ನಾಲ್ಕನ್ನೇ. ಈಗ ಆರ್ಡರನ್ನು ಮತ್ತೊಮ್ಮೆ ಓದಿ: 4, 3, 6, 5. ಕ್ರ್ಯಾಂಕ್ 90 ಡಿಗ್ರಿ ತಿರುಗುವಷ್ಟರಲ್ಲಿ ಒಂದರಂತೆ ನಾಲ್ಕೂ ಬೆನ್ನುಬೆನ್ನಿಗೆ ಉರಿಯುತ್ತವೆ, ಬೆನ್ನುಬೆನ್ನಿಗೆ ಹೊಗೆ ಕಾರುತ್ತವೆ. ಎಂಟರಲ್ಲಿ ಯಾವ ನಾಲ್ಕು ಒಂದರ ಉಸಿರಿಗೆ ಇನ್ನೊಂದು ಅಡ್ಡ ಬರಬಾರದೋ ಆ ನಾಲ್ಕನ್ನೇ ಒಂದೇ ಸುರಂಗಕ್ಕೆ ಸೇರಿಸಿದಂತಾಯಿತು.

3 ಮತ್ತು 5ನ್ನು ತೆಗೆದುಕೊಳ್ಳೋಣ. ಇವೆರಡರ ನಡುವೆ 180 ಡಿಗ್ರಿ ಅಂತರ. ಐದನೆಯದರ ಎಕ್ಸಾಸ್ಟ್ ವಾಲ್ವ್ ಪಿಸ್ಟನ್ ಕೆಳತುದಿ ಮುಟ್ಟುವುದಕ್ಕೆ 60 ಡಿಗ್ರಿ ಮೊದಲೇ ತೆರೆಯಿತೆನ್ನಿ. ಆ ಗಳಿಗೆಯಲ್ಲಿ ಮೂರನೆಯದರ ಪಿಸ್ಟನ್ ಹೊಗೆ ತಳ್ಳುತ್ತ ಮೇಲುತುದಿಗೆ 60 ಡಿಗ್ರಿ ದೂರದಲ್ಲಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದರ ಇನ್‌ಟೇಕ್ ವಾಲ್ವ್ ತೆರೆಯುತ್ತದೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಸಮಯ ಶುರುವಾಗುತ್ತದೆ. ರೇಸ್ ಕ್ಯಾಮ್ ಹಾಕಿದ ಎಂಜಿನ್ನಿನಲ್ಲಿ ಈ ಸಮಯ ದೀರ್ಘ. ಸರಿಯಾಗಿ ಅದೇ ಹೊತ್ತಿಗೆ ಐದನೆಯದರಿಂದ ವಾತಾವರಣಕ್ಕಿಂತ ಹಲವು ಪಟ್ಟು ಒತ್ತಡದ ಹೊಗೆ ಸಿಡಿದು ಬರುತ್ತದೆ. ಅದು ಹಾಯಲು ಅಡ್ಡದಾರಿ ತೆರೆದಿದ್ದರೆ ಮೂರನೆಯದರ ಪೋರ್ಟಿಗೆ ನುಗ್ಗಿ, ಹೊರಡಬೇಕಾದ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ, ಬರಬೇಕಾದ ಹೊಸ ಗಾಳಿಯನ್ನು ಕೆಡಿಸುತ್ತದೆ. ಸಿಲಿಂಡರಿಗೊಂದು ಉದ್ದ ಕೊಳವೆ ಕೊಟ್ಟು, ಅದರ ಅಳತೆಯನ್ನು ಅಲೆಗೆ ಹೊಂದಿಸಿ ಹೆಡ್ಡರ್ ಮಾಡಿಸುವುದು ಹೊಗೆಯ ಈ ಜಗಳ ತಪ್ಪಿಸಲೆಂದೇ. ಕೊಳವೆ ಶುರುವಾಗುವ ಮೊದಲೇ ಹೆಡ್ಡಿನೊಳಗೆ ಸೋರಿಕೆಯಿದ್ದರೆ ಹೆಡ್ಡರಿನ ಲೆಕ್ಕವೆಲ್ಲ ತಪ್ಪುತ್ತದೆ.

ಪೋರ್ಟಿನ ಆಕಾರವೂ ಕೆಡುತ್ತದೆ. ವಾಲ್ವಿನಿಂದ ಹೊರಟ ಹೊಗೆ ನುಣುಪಾದ ಗೋಡೆಗೆ ಒರಗಿ ತಿರುಗಬೇಕಾದ ಕಡೆ ಒಂದು ತೂತು ಬಾಯಿಬಿಟ್ಟಿದ್ದರೆ ಹರಿವು ಅಲ್ಲಿ ಕದಡುತ್ತದೆ. ಓಲ್ಡ್ಸ್‌ಮೊಬೀಲ್ ಹೆಡ್ಡುಗಳಲ್ಲಿ ನಡುವಿನ ಎರಡು ಪೋರ್ಟುಗಳನ್ನು ಬೇರ್ಪಡಿಸುವ ಗೋಡೆ ಹೊರಬಾಯಿಯ ತನಕ ಬರದೆ ಒಳಗೇ ನಿಲ್ಲುವುದರಿಂದ ತೊಂದರೆ ದುಪ್ಪಟ್ಟು. ಆ ಎಂಜಿನ್ ಕಟ್ಟುವವರು ಅಡ್ಡದಾರಿ ತುಂಬುವುದರ ಜೊತೆಗೆ ವೆಲ್ಡಿಂಗ್ ಮಾಡಿ ಆ ಗೋಡೆಯನ್ನೂ ಮುಂದಕ್ಕೆ ಬೆಳೆಸುತ್ತಾರೆ.

ಸುಲಭದ ಉತ್ತರಗಳು

ಎಲ್ಲಕ್ಕಿಂತ ಸುಲಭದ ಕೆಲಸ ಇನ್‌ಟೇಕ್ ಗ್ಯಾಸ್ಕೆಟ್ಟಿನ ಜಾಗದಲ್ಲಿ ಸುರಂಗದ ಬಾಯಿಗೆ ತೆಳು ಸ್ಟೀಲ್ ತಗಡು ಕೂರಿಸುವುದು. ಅದಕ್ಕೆಂದೇ ತಗಡು ಸೇರಿಸಿದ ಗ್ಯಾಸ್ಕೆಟ್ ಸೆಟ್ಟುಗಳು, ಆ ತೂತನ್ನೇ ಬಿಡದ ಗ್ಯಾಸ್ಕೆಟ್ಟುಗಳು ಸಿಗುತ್ತವೆ. ತಗಡು ಸ್ಟೇನ್‌ಲೆಸ್ ಆಗಿರಬೇಕು. ಅಲ್ಯೂಮಿನಿಯಂ ತಗಡು ಅಥವಾ ಬರಿ ಕಾಗದದ ಗ್ಯಾಸ್ಕೆಟ್ ಹೊಗೆಯ ಬಾಯಿಗೆ ಬಹಳ ದಿನ ತಡೆಯುವುದಿಲ್ಲ. ಅರ್ಧ ದಿನದ ಕೆಲಸ, ಬೇಡವೆಂದರೆ ಮತ್ತೆ ತೆಗೆಯಬಹುದು. ಮ್ಯಾನಿಫೋಲ್ಡಿನ ತಳಕ್ಕೆ ಹೊಗೆ ಬರುವುದು ನಿಂತಿತೆಂದರೆ ಮೊದಲನೆಯ ದೂರಿನ ಬಹುಪಾಲು ಅಲ್ಲಿಗೆ ತೀರಿತು.

ಮ್ಯಾನಿಫೋಲ್ಡನ್ನೇ ಬದಲಿಸುವುದು ಇನ್ನೊಂದು ದಾರಿ. ರೇಸಿಗೆಂದೇ ಮಾಡಿದ ಸಿಂಗಲ್ ಪ್ಲೇನ್ ಮ್ಯಾನಿಫೋಲ್ಡುಗಳಲ್ಲಿ ಅಡ್ಡದಾರಿಯ ಕಾಲುವೆ ಇರುವುದಿಲ್ಲ. ಗಾಳಿಯ ಕೊಳವೆಗಳನ್ನು ಕಣಿವೆಯಿಂದ ಎತ್ತಿ ಅಡಿಯಲ್ಲಿ ಗಾಳಿ ಆಡಲು ಜಾಗ ಬಿಟ್ಟ ಮಾದರಿಗಳು ಬಿಸಿಯನ್ನು ಇನ್ನೂ ದೂರವಿಡುತ್ತವೆ. ಪಾಂಟಿಯಾಕ್ ಎಂಜಿನಿಯರುಗಳು 1969-70ರ ರ‍್ಯಾಮ್ ಏರ್ 4 ಎಂಜಿನ್ನಿಗೆ ಮಾಡಿದ ಉಪಾಯವನ್ನು ಇಲ್ಲಿ ನೆನೆಯಬೇಕು. ಅವರು ಮ್ಯಾನಿಫೋಲ್ಡನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು, ಹೊಗೆಯ ಕಾಲುವೆಯನ್ನು ಬೀಡು ಕಬ್ಬಿಣದ ಬೇರೆಯೇ ತುಂಡಾಗಿ ಮಾಡಿದರು. ರಸ್ತೆಗೆ ಬೇಕಾದ ಬಿಸಿಯೂ ಉಳಿಯಿತು, ಅದು ಗಾಳಿಯ ಕೊಳವೆಗಳಿಗೆ ನೇರವಾಗಿ ತಾಗುವುದೂ ತಪ್ಪಿತು. ಕಾರ್ಬುರೇಟರಿನ ಅಡಿಗೆ ಮರದ ಅಥವಾ ಫೀನಾಲಿಕ್ ಹಲಗೆ ಇಡುವುದು ಇವೆಲ್ಲದರ ಜೊತೆಗೆ ಸೇರಿಸಿಕೊಳ್ಳಬಹುದಾದ ಚಿಕ್ಕ ಉಪಾಯ.

ಇವುಗಳ ಮಿತಿ ಒಂದೇ. ಬಾಯಿ ಮುಚ್ಚಿದರೂ ಹೆಡ್ಡಿನೊಳಗಿನ ಸುರಂಗ ಹಾಗೇ ಉಳಿಯುತ್ತದೆ. ಎಡಬಲದ ಹೆಡ್ಡುಗಳ ನಡುವಿನ ಸಂಪರ್ಕ ಕಡಿಯಿತು ನಿಜ, ಆದರೆ ಒಂದೇ ಹೆಡ್ಡಿನ ನಡುವಿನ ಜೋಡಿಯ ಸೋರಿಕೆ ನಿಂತಿಲ್ಲ. ಪ್ರತಿ ಸಲ ಹೊಗೆ ಸಿಡಿದಾಗಲೂ ಅದು ಈ ಕುರುಡು ಸುರಂಗಕ್ಕೆ ನುಗ್ಗಿ ಮತ್ತೆ ಹೊರಬರುತ್ತದೆ. ಪಕ್ಕದ ಇನ್‌ಟೇಕ್ ಪೋರ್ಟಿನ ಗೋಡೆ ಕಾಯುತ್ತಲೇ ಇರುತ್ತದೆ. ಪೋರ್ಟಿನೊಳಗಿನ ತೂತಂತೂ ಇದ್ದಲ್ಲೇ ಇದೆ. ತುಂಬುವವರ ವಾದ ಬಲವಾಗುವುದು ಇಲ್ಲಿ.

ಏನು ತುಂಬುವುದು

ತುಂಬುವ ವಸ್ತುವಿಗೆ ಮೂರು ಗುಣ ಬೇಕು: ಹೊಗೆಯ ಬಿಸಿಗೆ ಕರಗಬಾರದು, ನಡುಕಕ್ಕೆ ಪುಡಿಯಾಗಬಾರದು, ಕಬ್ಬಿಣವನ್ನು ಬಿಟ್ಟು ಕಳಚಬಾರದು. ಇನ್‌ಟೇಕ್ ಪೋರ್ಟಿಗೆ ಬಳಸುವ ಎಪಾಕ್ಸಿ ಎಕ್ಸಾಸ್ಟ್ ಬದಿಯಲ್ಲಿ ಸುಟ್ಟು ಕರಕಲಾಗುತ್ತದೆ. ಸತುವು 419 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ ಉಸಿರಿಗೂ ಕೆಟ್ಟದ್ದು. ಕುಲುಮೆಗೆ ಮೆತ್ತುವ ಸಿಮೆಂಟು ಬಿಸಿ ತಡೆಯುತ್ತದೆ, ನಡುಕಕ್ಕೆ ಬಿರಿಯುತ್ತದೆ. ಉದುರಿದ ಚೂರು ಮುಂದೆ ಟರ್ಬೊ ಇದ್ದರೆ ಅದರ ರೆಕ್ಕೆಗಳನ್ನೇ ತಿನ್ನುತ್ತದೆ. ಕಬ್ಬಿಣದ ತುಂಡು ಕೂರಿಸಿ ನಿಕ್ಕಲ್ ರಾಡಿನಿಂದ ವೆಲ್ಡ್ ಮಾಡುವುದು ಎಲ್ಲಕ್ಕಿಂತ ಗಟ್ಟಿ. ಆದರೆ ಬೀಡು ಕಬ್ಬಿಣದ ವೆಲ್ಡಿಂಗಿಗೆ ಪಳಗಿದ ಕೈ ಬೇಕು, ಹೆಡ್ಡನ್ನು ಚೆನ್ನಾಗಿ ಕಾಯಿಸಿ ನಿಧಾನ ಆರಿಸಬೇಕು, ಇಲ್ಲದಿದ್ದರೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಹೀಗೆ ಒಂದೊಂದನ್ನೇ ಬಿಟ್ಟು ಬಂದರೆ ಉಳಿಯುವುದು ಅಲ್ಯೂಮಿನಿಯಂ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಗ್ಯಾರೇಜುಗಳಲ್ಲಿ ಹಳೆಯ ಪಿಸ್ಟನ್‌ಗಳನ್ನೇ ಮೂಸೆಗೆ ಹಾಕುವ ರೂಢಿಯಿದೆ. ಅವು ಸಿಲಿಕಾನ್ ಬೆರೆತವು, 577 ಡಿಗ್ರಿಯ ಹೊತ್ತಿಗೇ ಕರಗತೊಡಗುತ್ತವೆ. ರೇಸ್ ಎಂಜಿನ್ನಿನ ಹೊಗೆ ಇದಕ್ಕಿಂತ ಬಿಸಿ, 700ರಿಂದ 900 ಡಿಗ್ರಿ ತಲುಪುತ್ತದೆ. ಹಾಗಿದ್ದೂ ತುಂಬಿದ ಅಲ್ಯೂಮಿನಿಯಂ ಕರಗಿ ಹರಿಯುವುದಿಲ್ಲ. ಅಲ್ಯೂಮಿನಿಯಂ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಸುತ್ತಲಿನ ಕಬ್ಬಿಣದ ಗೋಡೆಯಾಚೆ ನೀರು ಹರಿಯುತ್ತಿರುತ್ತದೆ, ಹೊಗೆ ತಾಗುವುದು ಅದರ ಒಂದು ಮುಖಕ್ಕೆ ಮಾತ್ರ. ಲೋಹ ಹೊಗೆಯಷ್ಟು ಬಿಸಿಯಾಗುವ ಮೊದಲೇ ಶಾಖ ನೀರಿಗೆ ಹೋಗಿರುತ್ತದೆ. ನೀರು ತಳ ಕಂಡ ಎಂಜಿನ್ನಿಗೆ ಈ ಮಾತು ಅನ್ವಯಿಸದು.

ಎರಕ ಹೊಯ್ಯುವ ಕೆಲಸ

ಕೆಲಸದ ಮುಕ್ಕಾಲು ಪಾಲು ಎರಕಕ್ಕೆ ಮೊದಲೇ ಇದೆ. ಹೆಡ್ಡನ್ನು ಪೂರ್ತಿ ಬಿಚ್ಚಿ, ಬಿರುಕಿದೆಯೇ ಎಂದು ಪರೀಕ್ಷಿಸಿ, ಬಿಸಿ ತೊಟ್ಟಿಯಲ್ಲಿ ತೊಳೆದು, ಸುರಂಗದೊಳಗಿನ ದಶಕಗಳ ಮಸಿಯನ್ನು ಕೆರೆದು ತೆಗೆಯಬೇಕು. ಎಣ್ಣೆ, ಮಸಿ ಉಳಿದರೆ ಎರಕದಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಎಕ್ಸಾಸ್ಟ್ ಪೋರ್ಟಿನ ಕಡೆಯಿಂದ, ಬೇಕಾದ ಆಕಾರಕ್ಕೆ ಸರಿಯಾಗಿ ಅಚ್ಚಿನ ಮರಳಿನಿಂದಲೋ ತಗಡಿನಿಂದಲೋ ಕಟ್ಟೆ ಕಟ್ಟಬೇಕು. ಹೆಡ್ಡನ್ನು ಇನ್‌ಟೇಕ್ ಮುಖ ಮೇಲಾಗಿ ನಿಲ್ಲಿಸಿ, ಒಲೆಯಲ್ಲಿ ಸುಮಾರು 200-250 ಡಿಗ್ರಿಗೆ ನಿಧಾನ ಕಾಯಿಸಬೇಕು. ಹೀಗೆ ಕಾಯಿಸಲು ಎರಡು ಕಾರಣ. ತಣ್ಣಗಿನ ಬೀಡಿಗೆ ಕರಗಿದ ಲೋಹ ಬಿದ್ದರೆ ಬೀಡು ಬಿರಿಯುತ್ತದೆ. ಅದಕ್ಕಿಂತ ಭಯಂಕರವಾದದ್ದು ತೇವ: ಸಂದಿಯಲ್ಲಿ ಒಂದು ಹನಿ ನೀರು ಉಳಿದಿದ್ದರೂ ಅದು ಕ್ಷಣದಲ್ಲಿ ಉಗಿಯಾಗಿ ಕರಗಿದ ಲೋಹವನ್ನು ಮುಖಕ್ಕೆ ಎರಚುತ್ತದೆ. ಮರಳಿನ ಕಟ್ಟೆ, ಸೌಟು, ಮೂಸೆಗೆ ಹಾಕುವ ತುಂಡುಗಳು ಎಲ್ಲವೂ ಒಣಗಿ ಬಿಸಿಯಾಗಿರಬೇಕು. ಮುಖಕ್ಕೆ ಗುರಾಣಿ, ಕೈಗೆ ಚರ್ಮದ ಗ್ಲೌಸು, ಕಾಲಿಗೆ ಬೂಟು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಕರಗಿದ ಲೋಹ 700-750 ಡಿಗ್ರಿಯಲ್ಲಿರುವಾಗ ಮೇಲಿನ ಕಿಟ್ಟ ತೆಗೆದು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಗಟ್ಟಿಯಾಗುವಾಗ ಅಲ್ಯೂಮಿನಿಯಂ ಕುಗ್ಗಿ ನಡುವೆ ಗುಳಿ ಬೀಳುತ್ತದೆ. ಅದಕ್ಕೆ ಮೇಲಿನಿಂದ ಇನ್ನಷ್ಟು ಹೊಯ್ಯುತ್ತಿರಬೇಕು. ಮುಗಿದ ಮೇಲೆ ಹೆಡ್ಡನ್ನು ಶಾಖನಿರೋಧಕ ಕಂಬಳಿಯಲ್ಲಿ ಸುತ್ತಿ ಒಂದಿಡೀ ರಾತ್ರಿ ಆರಲು ಬಿಡುವುದು ವಾಡಿಕೆ.

ಈ ವಿಧಾನದ ದೊಡ್ಡ ದೌರ್ಬಲ್ಯ ಕಾಣಿಸಿಕೊಳ್ಳುವುದು ಆರಿದ ಮೇಲೆ. ಅಲ್ಯೂಮಿನಿಯಂ ಕಬ್ಬಿಣಕ್ಕೆ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ 577 ಡಿಗ್ರಿಯಿಂದ ಕೋಣೆಯ ಉಷ್ಣಾಂಶಕ್ಕೆ ಇಳಿಯುವಾಗ ಉದ್ದದಲ್ಲಿ ಸುಮಾರು ಶೇ. 1.1 ಕುಗ್ಗಿದರೆ, 250 ಡಿಗ್ರಿಯಿಂದ ಇಳಿಯುವ ಕಬ್ಬಿಣ ಕುಗ್ಗುವುದು ಶೇ. 0.25 ಮಾತ್ರ. 30 ಮಿಲಿಮೀಟರ್ ಅಗಲದ ಸುರಂಗದಲ್ಲಿ ಇದು ಕಾಲು ಮಿಲಿಮೀಟರಿನ ಸಂದಿ. ಎಂಜಿನ್ ಬಿಸಿಯಾದಾಗ ಸಂದಿ ಕಿರಿದಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಎರಕಕ್ಕೆ ಮೊದಲೇ ಸುರಂಗದ ಗೋಡೆಯಲ್ಲಿ ಗುಳಿ, ಗೀರು ತೋಡಿ ಲೋಹಕ್ಕೆ ಕಚ್ಚು ಸಿಗುವಂತೆ ಮಾಡಬೇಕು, ಆಮೇಲೆ ನೀರಿನ ಗೋಡೆಗೆ ತಾಗದಂತೆ ಅಡ್ಡಲಾಗಿ ಸ್ಕ್ರೂ ಅಥವಾ ಪಿನ್ ಬಿಗಿಯಬೇಕು. ಒಳಗೆ ಅಗಲ, ಬಾಯಲ್ಲಿ ಕಿರಿದು ಎಂಬಂತಿರುವ ಸುರಂಗಗಳಲ್ಲಿ ಗಡ್ಡೆ ತಾನಾಗಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಹೆಡ್ಡುಗಳಲ್ಲೂ ಹಾಗಿರುವುದಿಲ್ಲ. ಕಚ್ಚು ಕೊಡದೆ ಹೊಯ್ದ ಗಡ್ಡೆ ಒಂದಲ್ಲ ಒಂದು ದಿನ ಸಡಿಲವಾಗಿ ಪೋರ್ಟಿಗೆ ಬೀಳುತ್ತದೆ.

ಇಷ್ಟು ಬಿಸಿ ಕಂಡ ಹೆಡ್ಡು ಸ್ವಲ್ಪವಾದರೂ ಸೊಟ್ಟಗಾಗಿರುತ್ತದೆ. ಹಾಗಾಗಿ ವಾಲ್ವ್ ಸೀಟು, ಗೈಡು, ಫೇಸಿಂಗ್ ಕೆಲಸಗಳೆಲ್ಲ ತುಂಬಿದ ಮೇಲೆ ಬರಬೇಕು, ಮೊದಲಲ್ಲ. ಈ ಕ್ರಮ ತಪ್ಪಿಸಿದವರು ಒಂದೇ ಕೆಲಸಕ್ಕೆ ಮೆಷಿನ್ ಶಾಪಿಗೆ ಎರಡು ಸಲ ದುಡ್ಡು ಕಟ್ಟುತ್ತಾರೆ.

ಲಾಭ ಅಳೆಯುವಾಗ

ತುಂಬಿದ್ದರಿಂದ ಎಷ್ಟು ಸಿಕ್ಕಿತೆಂದು ಹೇಳುವ ಅಂಕಿಗಳನ್ನು ಎಚ್ಚರದಿಂದ ನೋಡಬೇಕು. ಫ್ಲೋ ಬೆಂಚಿನ ಮೇಲೆ ಹೆಡ್ಡಿಟ್ಟು ಗಾಳಿ ಹಾಯಿಸುವಾಗ ಅಡ್ಡದಾರಿಯ ಬಾಯಿ ತೆರೆದಿದ್ದರೆ ಗಾಳಿ ಅಲ್ಲಿಂದಲೂ ನುಸುಳಿ, ಪೋರ್ಟು ಇರುವುದಕ್ಕಿಂತ ಒಳ್ಳೆಯದೆಂದು ತೋರಿಸುತ್ತದೆ. ತುಂಬಿದ ಮೇಲೆ ಅಂಕಿ ಇಳಿದರೆ ಕೆಲಸ ಕೆಟ್ಟಿತೆಂದು ಅರ್ಥವಲ್ಲ, ಸುಳ್ಳು ಸೋರಿಕೆ ನಿಂತಿತೆಂದು ಅರ್ಥ. ಮೊದಲಿನ ಅಳತೆಯನ್ನೂ ಬಾಯಿ ಮುಚ್ಚಿಯೇ ತೆಗೆಯಬೇಕು. ಇನ್ನೊಂದು ಮಾತು, ಬೆಂಚಿನ ಗಾಳಿ ಒಂದೇ ಸಮ ಹರಿಯುತ್ತದೆ, ಎಂಜಿನ್ನಿನ ಹೊಗೆ ಗುದ್ದುಗುದ್ದಾಗಿ ಬರುತ್ತದೆ. 3 ಮತ್ತು 5ರ ನಡುವಿನ ಜಗಳವನ್ನು ಯಾವ ಫ್ಲೋ ಬೆಂಚೂ ತೋರಿಸಲಾರದು. ಅದಕ್ಕೆ ಓಡುವ ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಬೇಕು. ಅಲ್ಲಿಯೂ ಎಂಜಿನ್ನಿನ ನೀರು, ಆಯಿಲ್, ಮ್ಯಾನಿಫೋಲ್ಡ್ ಒಂದೇ ಉಷ್ಣಾಂಶದಲ್ಲಿರುವಾಗ ಹೋಲಿಸಬೇಕು. ಒಂದು ಓಟ ತಣ್ಣಗೆ, ಒಂದು ಓಟ ಬಿಸಿಯಾಗಿ ತೆಗೆದು ವ್ಯತ್ಯಾಸವನ್ನೆಲ್ಲ ಎರಕದ ಲೆಕ್ಕಕ್ಕೆ ಬರೆಯುವುದು ಸುಲಭ, ಸರಿಯಲ್ಲ.

ತುಂಬಿದ ಅಲ್ಯೂಮಿನಿಯಂ ಬಿಸಿ ಹಿಡಿದು ಹೆಡ್ಡಿನ ನಡುಭಾಗವನ್ನು ಕಾಯಿಸುತ್ತದೆಂಬ ಅಂಜಿಕೆಯೂ ಕೆಲವರಲ್ಲಿದೆ. ತುಂಬುವ ಮೊದಲು ಹೊಗೆ ಸುರಂಗದ ಇಡೀ ಗೋಡೆಗೆ ತಾಗುತ್ತಿತ್ತು. ಈಗ ಒಂದು ಮುಖಕ್ಕೆ ಮಾತ್ರ ತಾಗುತ್ತದೆ. ಹೆಡ್ಡಿಗೆ ಸೇರುವ ಶಾಖ ಕಡಿಮೆಯಾಗಬೇಕೇ ಹೊರತು ಹೆಚ್ಚಲು ಕಾರಣವಿಲ್ಲ.

ತೆರಬೇಕಾದ ಬೆಲೆ

ತಗಡಾಗಲಿ ಎರಕವಾಗಲಿ, ಬಿಸಿ ನಿಂತರೆ ಕೆಲವು ಸೌಲಭ್ಯಗಳೂ ಹೋಗುತ್ತವೆ. ಎಷ್ಟೋ ಮ್ಯಾನಿಫೋಲ್ಡುಗಳಲ್ಲಿ ಚೋಕ್ ತೆರೆಯುವ ಸುರುಳಿ ಅಡ್ಡದಾರಿಯ ಮೇಲಿನ ಗುಳಿಯಲ್ಲೇ ಕೂತಿರುತ್ತದೆ. ಅದಕ್ಕೆ ಬಿಸಿ ಸಿಗದಿದ್ದರೆ ಚೋಕ್ ತೆರೆಯುವುದಿಲ್ಲ. ಎಲೆಕ್ಟ್ರಿಕ್ ಚೋಕ್ ಹಾಕಬೇಕು. 1970ರ ದಶಕದ ಕಾರುಗಳಲ್ಲಿ ಹೊಗೆಯ ಒಂದಂಶವನ್ನು ಮತ್ತೆ ಒಳಗೆ ಕಳಿಸುವ ಇಜಿಆರ್ ವ್ಯವಸ್ಥೆಗೂ ಹೊಗೆ ಬರುವುದು ಈ ಅಡ್ಡದಾರಿಯಿಂದಲೇ. ಅಮೆರಿಕದಲ್ಲಿ ರಸ್ತೆಗಿಳಿಯುವ ಕಾರಿನಲ್ಲಿ ಅದನ್ನು ಕೆಡಿಸುವುದು ಕಾನೂನಿಗೆ ವಿರುದ್ಧ. ಚಳಿಯಲ್ಲಿ ಮೊದಲ ಕೆಲವು ನಿಮಿಷ ಎಂಜಿನ್ ಒರಟಾಗಿ ಓಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ರಿಂಗುಗಳನ್ನು ಸವೆಸುತ್ತದೆ.

ತಣ್ಣಗಿನ ಗಾಳಿಯೇ ಸರ್ವಸ್ವವೆಂದು ನಂಬಿದವರಿಗೆ ಒಂದು ತಿರುಗೇಟೂ ಇದೆ. ಡೇಟೋನಾ ಬೀಚಿನ ಗ್ಯಾರೇಜಿನಿಂದ ಹೆಸರಾದ ರೇಸ್ ಮೆಕ್ಯಾನಿಕ್ ಸ್ಮೋಕಿ ಯೂನಿಕ್ 1980ರ ದಶಕದಲ್ಲಿ ಪಾಂಟಿಯಾಕ್ ಫಿಯೆರೊ ಕಾರಿನಲ್ಲಿ ಇದಕ್ಕೆ ತದ್ವಿರುದ್ಧ ಪ್ರಯೋಗ ಮಾಡಿದ. ಎಂಜಿನ್ನಿನ ನೀರಿನಿಂದಲೂ ಹೊಗೆಯಿಂದಲೂ ಮಿಶ್ರಣವನ್ನು ಬೇಕೆಂದೇ ಕಾಯಿಸಿ, ಪೆಟ್ರೋಲನ್ನು ಪೂರ್ತಿ ಆವಿಯಾಗಿಸಿ ಉರಿಸಿದರೆ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಹೋಗಬಹುದೆಂಬುದು ಅವನ ವಾದ. ಅದು ಕಾರ್ಖಾನೆಯ ಎಂಜಿನ್ ಆಗಿ ಬರಲಿಲ್ಲ. ಆದರೂ ಗೆಲ್ಲಲು ಬೇಕಾದ ಎಂಜಿನ್ನು, ಮೈಲೇಜಿಗೆ ಬೇಕಾದ ಎಂಜಿನ್ನು ಬಿಸಿಯನ್ನು ಬೇರೆ ಬೇರೆ ಬಗೆಯಲ್ಲಿ ಬಯಸುತ್ತವೆಂದು ಅದು ನೆನಪಿಸುತ್ತದೆ.

ಕಾಲ ಕೊಟ್ಟ ಉತ್ತರ

ಕಾರ್ಬುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂದ ಮೇಲೆ ಕಾರ್ಖಾನೆಗಳಿಗೇ ಅಡ್ಡದಾರಿ ಬೇಡವಾಯಿತು. ವಾಲ್ವಿನ ಹತ್ತಿರವೇ ಪೆಟ್ರೋಲು ಚಿಮ್ಮಿಸುವಾಗ ಮ್ಯಾನಿಫೋಲ್ಡಿನ ತಳ ಕಾಯಿಸಿ ಏನು ಪ್ರಯೋಜನ? ಷೆವ್ರೊಲೆಯ 1996ರ ವೋರ್ಟೆಕ್ ಹೆಡ್ಡಿನಲ್ಲಿ ಅದು ಇಲ್ಲ. 1997ರ ಎಲ್‌ಎಸ್ ಎಂಜಿನ್ನಿನಲ್ಲಿ ನಡುವಿನ ಎಕ್ಸಾಸ್ಟ್ ಪೋರ್ಟುಗಳು ಒಂದಕ್ಕೊಂದು ಅಂಟಿಕೊಳ್ಳುವ ಹಳೆಯ ವಿನ್ಯಾಸವೇ ಮಾಯವಾಯಿತು. ರೇಸಿಗೆಂದೇ ಹೊಯ್ದ ಹೊಸ ಹೆಡ್ಡುಗಳು ಅಡ್ಡದಾರಿಯಿಲ್ಲದೆ ಬರುತ್ತವೆ. ಅಂಥ ಹೆಡ್ಡು ಕೊಳ್ಳಬಲ್ಲವನು, ಅದನ್ನು ಹಾಕಲು ಅವನ ರೇಸಿನ ನಿಯಮ ಬಿಟ್ಟಿದ್ದರೆ, ಮೂಸೆಯ ಗೋಜಿಗೇ ಹೋಗಬೇಕಿಲ್ಲ. ಎರಕದ ಖರ್ಚು, ವೆಲ್ಡಿಂಗ್, ಫೇಸಿಂಗ್, ಹೆಡ್ಡು ಬಿರಿದರೆ ಆಗುವ ನಷ್ಟ ಎಲ್ಲ ಕೂಡಿದರೆ ಹೊಸ ಹೆಡ್ಡೇ ಅಗ್ಗ ಎನ್ನುವ ಸಂದರ್ಭಗಳು ಕಡಿಮೆಯಲ್ಲ.

ಹಾಗಾದರೆ ತುಂಬುವ ಕೆಲಸ ಉಳಿದಿರುವುದು ಯಾರಿಗೆ? ಮೂಲ ಕಾರ್ಖಾನೆಯ ಹೆಡ್ಡನ್ನೇ ಬಳಸಬೇಕೆನ್ನುವ ರೇಸ್ ವರ್ಗಗಳವರಿಗೆ, ಹೊಸ ಹೆಡ್ಡು ಸುಲಭವಾಗಿ ಸಿಗದ ಅಪರೂಪದ ಎಂಜಿನ್ ಇಟ್ಟುಕೊಂಡವರಿಗೆ, ನಡುವಿನ ಪೋರ್ಟುಗಳ ಕೊನೆಯ ಕುದುರೆಶಕ್ತಿಯನ್ನೂ ಹಿಂಡಬೇಕಾದವರಿಗೆ. ಇಂಥವರು ತುಂಬಲಿ. ಆದರೆ ಮೊದಲು ತಮ್ಮ ವರ್ಗದ ನಿಯಮ ಪುಸ್ತಕ ತೆರೆದು ನೋಡಲಿ. ತಗಡಿಗೆ ಒಪ್ಪುವ ನಿಯಮ ಎರಕಕ್ಕೆ ಒಪ್ಪಲೇಬೇಕೆಂದಿಲ್ಲ.

ಬೇಸಿಗೆಯಲ್ಲಿ ಆಗಾಗ ಟ್ರ್ಯಾಕಿಗೆ ಹೋಗಿ ಉಳಿದಂತೆ ರಸ್ತೆಯಲ್ಲಿ ಓಡಿಸುವವರಿಗೆ ತಗಡಿನ ಗ್ಯಾಸ್ಕೆಟ್ಟೇ ಸರಿಯಾದ ಉತ್ತರ. ಖರ್ಚಿನ ಸಣ್ಣ ಪಾಲಿನಲ್ಲಿ ಲಾಭದ ದೊಡ್ಡ ಪಾಲು ಸಿಗುತ್ತದೆ. ಚಳಿಯ ಊರಿನಲ್ಲಿ ಹಳೆಯ ಕಾರನ್ನು ದಿನವೂ ಓಡಿಸುವವರು ಅಡ್ಡದಾರಿಯನ್ನು ಮುಟ್ಟದಿರುವುದೇ ಲೇಸು. ಅದರ ಕದ ಜಾಮ್ ಆಗದಂತೆ ನೋಡಿಕೊಂಡರೆ ಸಾಕು. ನಮ್ಮಲ್ಲಿ ಹಳೆಯ ಅಮೆರಿಕನ್ ವಿ-8 ಕಾರುಗಳನ್ನು ಉಳಿಸಿಕೊಂಡವರಿಗೆ ಹೆಚ್ಚೆಂದರೆ ತಗಡು ಸಾಕು. ಕರಾವಳಿಯ ಸೆಕೆಯಲ್ಲಿ ತಗಡು ಹಾಕಿದರೆ ಪೆಟ್ರೋಲು ಕುದಿಯುವುದು ಕಡಿಮೆಯಾಗುತ್ತದೆ, ಅದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ. ಮತ್ತೆ ಸಿಗದ ಮೂಲ ಹೆಡ್ಡಿಗೆ, ತಿರುಗಿ ತೆಗೆಯಲಾಗದ ಲೋಹವನ್ನು ಯಾರೋ ರೇಸಿಗೆ ಮಾಡಿದರೆಂಬ ಕಾರಣಕ್ಕೆ ಹೊಯ್ಯಬೇಡಿ.